ಕೊಲೆಗಾರ ಯಂತ್ರದ ಬಲಗೈ

ಈ ಬಲಗೈಯಿಂದ ನಾನು ಮೂವತ್ತೊಂಬತ್ತು ಜನರನ್ನು ಕೊಂದಿದ್ದೇನೆ. ಅವರಲ್ಲಿ ಆರು ಮಂದಿ ಪೊಲೀಸರು, ಒಬ್ಬ ಟ್ರಕ್ ಡ್ರೈವರು, ಒಬ್ಬ ಪಾದ್ರಿ, ಒಬ್ಬಳು ಹಲ್ಲಿನ ಡಾಕ್ಟರು. ಯಾರ ಮೇಲೂ ನನಗೆ ಹಗೆಯಿರಲಿಲ್ಲ. ಅಷ್ಟು ಜನರನ್ನೂ ಅಂಗಾತ ಮಲಗಿಕೊಂಡೇ ಕೊಂದೆ. ನಡುನಡುವೆ ಎದ್ದು ಕಾಫಿಯನ್ನೂ ಕುಡಿದೆ.

ಗಾಬರಿಯಾಗಬೇಡಿ. ಎರಡು ವರ್ಷದ ಹಿಂದೆ ಬಂದ ಆ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಗಣಿ ಅಗೆಯಲೆಂದು ಮಾಡಿದ ಯಂತ್ರವೊಂದು ತಲೆಕೆಟ್ಟು, ಮಣ್ಣು ಬಿಟ್ಟು ಮನುಷ್ಯರನ್ನು ಅಗೆಯಲು ಹೊರಡುತ್ತದಲ್ಲ, ಅದೇ. ಅದರ ಬಲಗೈ ನಾನು. ಸನ್ ವ್ಯಾಲಿಯ ಗುಜರಿ ಅಂಗಡಿಗಳ ಸಾಲಿನಲ್ಲಿ ಕೆಸ್ಲರ್ ಎಂಬವನ ಷೆಡ್ಡಿದೆ. ಲಾಸ್ ಏಂಜಲೀಸಿನ ಸಿನಿಮಾಗಳ ಅರ್ಧ ಭೂತಪ್ರೇತಗಳು ಹುಟ್ಟುವುದು ಅಲ್ಲೇ. ಸೊಂಟದಿಂದ ಮೇಲಷ್ಟೇ ಇದ್ದ ಆ ಉಕ್ಕಿನ ರಾಕ್ಷಸನನ್ನು (ಉಕ್ಕೆಲ್ಲಿಂದ ಬರಬೇಕು, ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣ) ಹಲಗೆಯ ಅಟ್ಟದ ಮೇಲೆ ನಿಲ್ಲಿಸಿ, ಅಟ್ಟದ ಕೆಳಗೆ ನಮ್ಮನ್ನು, ನಾಲ್ಕು ಜನರನ್ನು, ಸೌದೆಯಂತೆ ಒಟ್ಟುತ್ತಿದ್ದರು. ಓಟಿಸ್ ಅದರ ಕತ್ತು ತಿರುಗಿಸುತ್ತಿದ್ದ. ನಾನು ಸೈಕಲ್ಲಿನ ಬ್ರೇಕ್ ತಂತಿಗಳನ್ನು ಎಳೆದು ತೋಳೆತ್ತುತ್ತಿದ್ದೆ, ಬೆರಳು ಮಡಚುತ್ತಿದ್ದೆ. ಕ್ಯಾಮೆರಾ ಅಟ್ಟದಿಂದ ಕೆಳಗೆ ನೋಡುವುದಿಲ್ಲ. ಪರದೆಯ ಕೆಳಗಂಚಿನಿಂದ ನಾಲ್ಕಿಂಚು ಕೆಳಗೆ ನನ್ನ ಹನ್ನೆರಡು ವರ್ಷ ಕಳೆದಿವೆ.

ಆದರೂ ನನಗೊಂದು ಖ್ಯಾತಿಯಿತ್ತು. ನಮ್ಮ ಯಂತ್ರ ಕತ್ತಿಗೆ ಕೈಹಾಕುವ ಮೊದಲು ಒಂದು ಕ್ಷಣ ತಡೆಯುತ್ತದೆ, ಮಣಿಕಟ್ಟು ಸಣ್ಣಗೆ ನಡುಗುತ್ತದೆ, ಆಮೇಲೆ ಹಿಡಿಯುತ್ತದೆ. ಥಿಯೇಟರಿನಲ್ಲಿ ಜನ ಕಿರುಚುತ್ತಿದ್ದುದು ಅಲ್ಲಿಯೇ. ಒಬ್ಬ ವಿಮರ್ಶಕ ಮಹಾಶಯ ಅದನ್ನು ‘ಯಂತ್ರದ ನಿಷ್ಕರುಣ ಚಿಂತನೆಯ ಮಹಾಕ್ಷಣ’ ಎಂದು ಬರೆದ. ಅದು ನನ್ನ ಭುಜದ ನೋವು. ಹಲಗೆಯಡಿಯಲ್ಲಿ ಒಂಬತ್ತು ಗಂಟೆ ಮಲಗಿ ನೋಡಿ, ನಿಮಗೂ ನಿಷ್ಕರುಣ ಚಿಂತನೆ ಬರುತ್ತದೆ.

ಇನ್ನು ನನ್ನ ಹೆಂಡತಿ ನೇಡೀನ್. ನಾವಿರುವ ಕಣಿವೆಯಲ್ಲೇ ಇರುವ ಕಾರಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕಾರುಗಳಿಗೆ ಬಣ್ಣ ಹೊಡೆದವಳು. ಮುಖಕ್ಕೆ ಮುಸುಕು, ಕೈಯಲ್ಲಿ ಬಣ್ಣದ ಪಿಚಕಾರಿ, ಬಾಗಿಲ ಮೂಲೆಯಲ್ಲೂ ಒಂದು ಹನಿ ಇಳಿಯದಂಥ ಕೈ. ತಾನು ಬಣ್ಣ ಹೊಡೆದ ಕಾರು ರಸ್ತೆಯಲ್ಲಿ ಕಂಡರೆ ಗುರುತು ಹಿಡಿಯುತ್ತಿದ್ದಳು, ತಪ್ಪದೆ.

ಕಳೆದ ವರ್ಷ ಒಂದು ಸಂಜೆ ಅವಳು ಬಂದು ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕುಳಿತಳು.

“ಬಣ್ಣ ಹೊಡಿಯೋ ಯಂತ್ರ ಬಂದಿದೆ” ಅಂದಳು. “ಅದಕ್ಕೆ ಕಲಿಸಕ್ಕೆ ನನ್ನನ್ನ ಆರಿಸಿದಾರೆ.”

“ಕಲಿಸೋದಂದ್ರೆ?”

“ಅದರ ಕೈ ಹಿಡ್ಕೊಂಡು ನಾನು ಒಂದು ಕಾರಿಗೆ ಬಣ್ಣ ಹೊಡೀಬೇಕು. ನಾನು ಹೆಂಗೆ ಅಲ್ಲಾಡಿಸ್ತೀನೋ ಹಂಗೇ ಅದು ನೆನಪಿಟ್ಟುಕೊಳ್ಳುತ್ತೆ. ಆಮೇಲೆ ತಾನೇ ಹೊಡಿಯುತ್ತೆ.”

“ಆಮೇಲೆ ನೀನು?”

ಅವಳು ಬೂಟಿನ ದಾರ ಬಿಚ್ಚತೊಡಗಿದಳು.

ಓದುಗರೇ, ಕೊಲೆಗಾರ ಯಂತ್ರ ಬಂದೂಕು ಹಿಡಿದು, ಕೆಂಪು ಕಣ್ಣು ಬಿಟ್ಟುಕೊಂಡು ಬರುತ್ತದೆಂದು ನಿಮ್ಮನ್ನು ನಂಬಿಸಿದವರು ನಾವೇ. ಕ್ಷಮಿಸಿ. ನಿಜವಾದದ್ದು ಮರದ ಪೆಟ್ಟಿಗೆಯಲ್ಲಿ, ಮೈಮೇಲೆ ‘ಈ ಭಾಗ ಮೇಲಿರಲಿ’ ಎಂದು ಬರೆಸಿಕೊಂಡು ಬರುತ್ತದೆ. ಅದರ ಜೊತೆಗೆ ಬಂದವನು ಡೋನಟ್ ಹಂಚುತ್ತಾನೆ. ಕೊಲ್ಲಬೇಕಾದವರಿಂದಲೇ ಪಾಠ ಹೇಳಿಸಿಕೊಳ್ಳುತ್ತದೆ. ನಮ್ಮ ಕಥೆ ಬರೆಯುವವರಿಗೆ ಇಷ್ಟು ನೀಚತನ ಹೊಳೆದಿರಲಿಲ್ಲ.

ನಾನು ಅಡುಗೆಮನೆಯ ನಡುವೆ ನಿಂತು ಭಾಷಣ ಮಾಡಿದೆ. ಶಾಲೆಯನ್ನು ಎಂಟನೇ ಕ್ಲಾಸಿಗೇ ಬಿಟ್ಟವನಾದರೂ ಸಾರ್ವಜನಿಕ ಗ್ರಂಥಾಲಯದ ಕಾರ್ಮಿಕ ಇತಿಹಾಸದ ಕಪಾಟನ್ನು ಇಡೀ ಓದಿದ್ದೇನೆ. ಅಂಥ ಗಂಡನಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

“ಒಪ್ಪಬೇಡ ನೇಡೀನ್! ಇದು ದ್ರೋಹ! ನಿನ್ನ ಜೊತೆ ಕೆಲಸ ಮಾಡೋ ಇಪ್ಪತ್ತೈದು ಜನದ ಹೊಟ್ಟೆಗೆ ನೀನೇ ಕೈ ಹಾಕಿದ ಹಂಗೆ!”

“ನಾನು ಒಲ್ಲೆ ಅಂದ್ರೆ ರಮೋನಾನ ಕೇಳ್ತಾರೆ.”

“ಕೇಳ್ಲಿ ಬಿಡು.”

“ರಮೋನಾ ಹೊಡೆದ್ರೆ ಹನಿ ಇಳಿಯುತ್ತೆ ವರ್ಜಿಲ್. ಆ ಯಂತ್ರಾನೂ ಇನ್ನು ಮೇಲೆ ಎಲ್ಲಾ ಕಾರಿಗೂ ಹನಿ ಇಳಿಸುತ್ತೆ. ನನ್ನ ಕೈಲಿ ಅದನ್ನ ನೋಡಕ್ಕಾಗಲ್ಲ.”

“ಸ್ವಾಭಿಮಾನ ಇರೋರು ಕೆಟ್ಟದಾಗಿ ಕಲಿಸಿ ಬರ್ತಾರೆ!”

“ನಿಂಗೇನು, ಮಲಗಿಕೊಂಡು ಮಾತಾಡೋ ಕೆಲಸ” ಅಂದಳು. “ತಟ್ಟೆ ತೆಗಿ, ಊಟ ಮಾಡೋಣ.”

ಊಟ ಮಾಡಿದೆ. ಆದರೆ ಕೋಪ ತಣ್ಣಗಾಗಲಿಲ್ಲ. ಆ ವಾರವೇ ನಮ್ಮ ಊರಿನ ಪತ್ರಿಕೆಗೆ ಒಂದು ಪತ್ರ ಬರೆದೆ. ‘ಯಂತ್ರಕ್ಕೆ ಪಾಠ ಹೇಳುವ ಕಾರ್ಮಿಕ ಕೊಲೆಗಾರನ ಕತ್ತಿ ಮಸೆಯುವವನು’ ಎಂಬ ಗಂಭೀರ ಘೋಷಣೆ. ಆ ಯಂತ್ರದ ಆಕಾರ, ಅದು ಕಲಿಯುವ ಬಗೆ, ಅದರ ಗುಂಡಿಗಳು, ಎಲ್ಲವನ್ನೂ ನೇಡೀನ್ ಹೇಳಿದ್ದಂತೆ ವಿವರವಾಗಿ ಬರೆದೆ. ವಿವರವಿಲ್ಲದ ಕೋಪವನ್ನು ಸಂಪಾದಕರು ಅಚ್ಚುಮಾಡುವುದಿಲ್ಲ. ಕೊನೆಗೆ ನನ್ನ ಪೂರ್ತಿ ಹೆಸರು: ವರ್ಜಿಲ್ ಸ್ಟ್ರೌಡ್. ಅವಳ ಹೆಸರು ಹಾಕಲಿಲ್ಲ. ಊರಲ್ಲಿ ಸ್ಟ್ರೌಡ್ ಎಂಬ ಮನೆ ಇದ್ದದ್ದು ಒಂದೇ.

ಭಾನುವಾರ ಅಚ್ಚಾಯಿತು. ಸೋಮವಾರ ಬಣ್ಣದ ವಿಭಾಗದವರೆಲ್ಲ ಓದಿದ್ದರು. ನೇಡೀನ್ ಅಂದು ಮನೆಗೆ ಬಂದು ಆ ಪುಟವನ್ನು ಬೆಕ್ಕಿನ ತಟ್ಟೆಯ ಕೆಳಗೆ ಹಾಸಿದಳು. ಒಂದು ತಿಂಗಳು ನನ್ನೊಂದಿಗೆ ಬೆಕ್ಕಿನ ಮೂಲಕವೇ ಮಾತಾಡಿದಳು. “ಪುಸ್ಸಿ, ಅವನಿಗೆ ಹೇಳು, ಕಸದ ಚೀಲ ಆಚೆ ಇಡಬೇಕಂತೆ.”

ಎರಡು ತಿಂಗಳಲ್ಲಿ ಬಣ್ಣದ ವಿಭಾಗದ ಇಪ್ಪತ್ತಾರು ಜನರನ್ನೂ ಮನೆಗೆ ಕಳಿಸಿದರು. ಕಲಿಸಿದವಳನ್ನೂ. ಯಂತ್ರ ಮಾತ್ರ ಹನಿ ಇಳಿಸದೆ ಬಣ್ಣ ಹೊಡೆಯುತ್ತಿತ್ತು. ರಸ್ತೆಯಲ್ಲಿ ಹೊಸ ಕಾರು ಕಂಡರೆ ನೇಡೀನ್ ಈಗಲೂ ತಿರುಗಿ ನೋಡುವಳು. ಆದರೆ ಯಾವುದು ತನ್ನದು, ಯಾವುದು ಅದರದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಆಗ ನಾನು ದೊಡ್ಡ ಮನಸ್ಸು ಮಾಡಿದೆ.

“ಹೆದರ್ಕೋಬೇಡ. ಚಿತ್ರದ ಎರಡನೇ ಭಾಗ ಬರ್ತಿದೆ. ಈ ಮನೆಗೆ ನನ್ನ ಬಲಗೈ ಒಂದೇ ಸಾಕು.”

“ಸರಿ” ಅಂದಳು. ಬೆಕ್ಕಿಗಲ್ಲ, ನನಗೇ. ಅಷ್ಟಕ್ಕೇ ನಾನು ಉಬ್ಬಿಹೋದೆ.

ಮರುವಾರ ಫೋನು ಬಂತು. ಕೆಸ್ಲರ್.

“ವರ್ಜಿಲ್, ನೇಡೀನ್ ಇದಾಳಾ?”

“ನಾನಿದೀನಲ್ಲ, ಹೇಳು. ತೋಳು ಯಾವಾಗ ಶುರು?”

“ಅದಕ್ಕೇ ಅವಳು ಬೇಕಾಗಿರೋದು. ಮುಚ್ಚಿಹೋದ ಕಾರ್ಖಾನೆಯೊಂದರಿಂದ, ಅವಳು ಕಲಿಸಿದಂಥದೇ ಒಂದು ಯಂತ್ರ ತಂದಿದೀನಿ. ತೋಳಿಗೆ. ನಮ್ಮಲ್ಲಿ ಅದನ್ನ ಓಡಿಸೋದು ಯಾರಿಗೂ ಗೊತ್ತಿಲ್ಲ.”

“ಅವಳಿಗೆ ಗೊತ್ತು ಅಂತ ನಿಂಗ್ಯಾರು ಹೇಳಿದ್ರು?”

“ನೀನೇ! ಪೇಪರಲ್ಲಿ ಬರೆದಿದ್ಯಲ್ಲ ಮಾರಾಯ. ಎಷ್ಟು ಚೆನ್ನಾಗಿ ಬರೆದಿದೀಯ! ಅದನ್ನ ಓದಿದ ಮೇಲೇ ನಂಗೆ ಈ ಐಡಿಯಾ ಬಂದಿದ್ದು.”

ನಾನು ಫೋನನ್ನು ಹೆಂಡತಿಗೆ ಕೊಟ್ಟೆ. ಆ ಪತ್ರದಲ್ಲಿದ್ದ ನನ್ನ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಓದುಗ ಅವನೊಬ್ಬನೇ.

ಅವಳು ಫೋನಿಟ್ಟ ಮೇಲೆ ನಾನು ಬಾಗಿಲಿಗೆ ಅಡ್ಡ ನಿಂತೆ.

“ನೀನು ಹೋಗಲ್ಲ ತಾನೆ?”

“ಸೋಮವಾರದಿಂದ ಬಾ ಅಂದಿದಾನೆ.”

“ನೇಡೀನ್, ಅದು ನನ್ನ ಕೈ!”

“ಹೌದು. ಅದಕ್ಕೆ ಕಲಿಸೋಕೆ ನೀನೇ ಬರಬೇಕು ಅಂದೆ ಕೆಸ್ಲರ್‌ಗೆ. ಇಷ್ಟ ಇಲ್ದಿದ್ರೆ ಬೇಡ, ಬಲವಂತ ಇಲ್ಲ. ಓಟಿಸ್‌ನ ಕೇಳ್ತಾರೆ.”

“ಓಟಿಸಾ? ಅವನು ಕತ್ತು ತಿರುಗಿಸೋನು! ಅವನ ಕೈಗೆ ತೋಳು ಕೊಟ್ರೆ ಸೂಪು ಕಲಕಿದ ಹಂಗಿರುತ್ತೆ!”

ರಮೋನಾಳ ಮಾತೆತ್ತಿ ಅವಳು ಏನಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

ಸೋಮವಾರ ಹೋದೆ. ಮನಸ್ಸಿನಲ್ಲಿ ಒಂದು ಘನವಾದ ಸಂಚಿತ್ತು: ಯಂತ್ರಕ್ಕೆ ಕೆಟ್ಟದಾಗಿ ಕಲಿಸುವುದು. ಮೊಣಕೈ ಎಡವಟ್ಟಾಗಿ ಎತ್ತುವುದು, ಕತ್ತಿನ ಬದಲು ಗಾಳಿ ಹಿಡಿಯುವುದು. ಹೆಂಡತಿಗೆ ಉಪದೇಶ ಮಾಡಿದ್ದನ್ನು ನಾನು ಮಾಡಿ ತೋರಿಸಬೇಡವೇ?

ಅದು ಷೆಡ್ಡಿನ ನಡುವೆ ನೆಲಕ್ಕೆ ಬೋಲ್ಟು ಹಾಕಿಸಿಕೊಂಡು ನಿಂತಿತ್ತು. ಕಿತ್ತಳೆ ಬಣ್ಣ. ತುದಿಗೆ ನಮ್ಮ ರಾಕ್ಷಸನ ಬೆಳ್ಳಿ ಪಂಜ. ನೇಡೀನ್ ತನ್ನ ಹಳೆಯ ಕೆಲಸದ ಉಡುಪಿನಲ್ಲಿ, ಗುಂಡಿಗಳ ಪೆಟ್ಟಿಗೆ ಹಿಡಿದು ಪಕ್ಕದಲ್ಲಿದ್ದಳು. ಅಷ್ಟು ನೆಟ್ಟಗೆ ನಿಂತದ್ದನ್ನು ತಿಂಗಳುಗಟ್ಟಲೆ ನೋಡಿರಲಿಲ್ಲ.

“ಹಿಡಿ ಇಲ್ಲಿದೆ. ಭುಜ ಸಡಿಲ ಬಿಡು. ಮೈ ಭಾರ ಅದರ ಮೇಲೆ ಹಾಕಬೇಡ. ನೀನು ಹೋದಂಗೆ ಅದು ನಿನ್ನ ಜೊತೆ ಬರುತ್ತೆ.”

ಹಿಡಿದೆ. ಅದು ಬಂತು. ಓದುಗರೇ, ನಾನು ಸುಳ್ಳು ಹೇಳುವವನಲ್ಲ: ಅಂಥ ಹಗುರವಾದ ತೋಳನ್ನು ನಾನು ಜನ್ಮದಲ್ಲಿ ಮುಟ್ಟಿರಲಿಲ್ಲ. ತಂತಿ ಸಿಕ್ಕಿಕೊಳ್ಳುವುದಿಲ್ಲ, ಅಟ್ಟದ ಧೂಳು ಕಣ್ಣಿಗೆ ಬೀಳುವುದಿಲ್ಲ. ಮೇಲಾಗಿ ಓಟಿಸ್ ನೋಡುತ್ತಿದ್ದ. ಅವನ ಮುಂದೆ ಕೆಟ್ಟದಾಗಿ ಮಾಡುವುದು ಹೇಗೆ? ಸರಿ, ಒಂದು ಸಲ ಮಾತ್ರ ಚೆನ್ನಾಗಿ ಮಾಡೋಣವೆಂದುಕೊಂಡೆ. ಹನ್ನೊಂದು ಸಲ ಮಾಡಿದೆ. ಹನ್ನೊಂದನೆಯದು ನನ್ನ ಜೀವಮಾನದ ಅತ್ಯುತ್ತಮ ಕೊಲೆ. ನೇಡೀನ್ ಮೆಲ್ಲಗೆ “ಆಹ್” ಅಂದಳು. ಆ ಉದ್ಗಾರ ನನ್ನ ಸಲುವಾಗಿ ಅವಳ ಬಾಯಿಂದ ಬಂದು ಎಷ್ಟೋ ವರ್ಷವಾಗಿತ್ತು.

“ಇದು ಸಾಕು” ಎಂದು ಗುಂಡಿ ಒತ್ತಿದಳು.

ತೋಳು ತಾನಾಗಿಯೇ ಎದ್ದಿತು. ಚಾಚಿತು. ಕತ್ತಿರಬೇಕಾದ ಜಾಗದ ಹತ್ತಿರ ತಡೆಯಿತು, ನಡುಗಿತು, ಹಿಡಿಯಿತು. ಕೆಳಗೆ ಯಾರೂ ಮಲಗಿರಲಿಲ್ಲ. ನಾನು ಎರಡು ಮಾರು ದೂರದಲ್ಲಿ ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದೆ, ಮತ್ತು ಅಲ್ಲಿ, ಆ ತೋಳಿನೊಳಗೆ, ನನ್ನ ಭುಜ ನೋಯುತ್ತಿತ್ತು. ಓಟಿಸ್ ಟೋಪಿ ತೆಗೆದ, ಸತ್ತವರ ಮುಂದೆ ತೆಗೆಯುವಂತೆ.

ಮಧ್ಯಾಹ್ನ ನಿರ್ದೇಶಕ ಬಂದ. ಎರಡು ಸಲ ಓಡಿಸಿ ನೋಡಿದ.

“ಚೆನ್ನಾಗಿದೆ. ಆದ್ರೆ ಮಧ್ಯ ಅದೇನು ನಡುಕ? ಯಾರೋ ವಯಸ್ಸಾದೋರ ಕೈ ಥರ ಕಾಣುತ್ತೆ. ತೆಗಿಬಹುದಾ?”

“ಹೋದ ಸಲ ಜನ ಕಿರುಚಿದ್ದೇ ಅದಕ್ಕೆ” ಅಂದ ಓಟಿಸ್. ಅವನಿಗೆ ಒಳ್ಳೆಯದಾಗಲಿ.

“ಹೋದ ಸಲ ಗೊಂಬೆ ಇತ್ತು. ಈ ಸಲ ನಿಜವಾದ್ದೇ ಇದೆಯಲ್ಲ.”

ಕೆಸ್ಲರ್ ನೇಡೀನಳ ಕಡೆ ನೋಡಿದ. ನೇಡೀನ್ ನನ್ನ ಕಡೆ ನೋಡಿದಳು. ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

“ವರ್ಜಿಲ್? ಇರಲಾ, ತೆಗೀಲಾ? ನೀನು ಹೇಳು.”

ಷೆಡ್ಡಿನಲ್ಲಿ ಎಲ್ಲರೂ ಕಾದರು. ನನ್ನ ಹೆಂಡತಿಯನ್ನು ಆ ಕಾರ್ಖಾನೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ನನ್ನಲ್ಲಿ ಭಾಷಣವೂ ಇತ್ತು: ಕಪಾಟಿನ ತುಂಬ ಓದಿದ್ದು, ಪತ್ರಿಕೆಗೆ ಪತ್ರವನ್ನೇ ಬರೆದದ್ದು. ‘ಇರಲಿ’ ಎಂಬ ಒಂದೇ ಮಾತು ಸಾಕಿತ್ತು. ಅವಳು ನನ್ನ ಪಕ್ಕ ನಿಲ್ಲುತ್ತಿದ್ದಳು, ಗೊತ್ತು. ಕೆಸ್ಲರ್ ವಾಚು ನೋಡಿದ.

“ತೆಗಿ” ಅಂದೆ. “ಭುಜದ ನೋವು ಅದು, ಅಷ್ಟೇ.”

ಅವಳು ಇನ್ನೊಂದು ಗಳಿಗೆ ನನ್ನನ್ನು ನೋಡಿದಳು. ಅಡುಗೆಮನೆಯಲ್ಲಿ ದ್ರೋಹ ಎಂದು ನಾನು ಕೂಗಿದಾಗಲೂ ಅವಳ ಮುಖ ಅಷ್ಟು ಸಪ್ಪಗಾಗಿರಲಿಲ್ಲ. ಒತ್ತಿದಳು. ತೋಳು ಎದ್ದಿತು, ಚಾಚಿತು, ಹಿಡಿಯಿತು. ನಡುವೆ ಏನೂ ಇರಲಿಲ್ಲ. ನಿರ್ದೇಶಕ ಚಪ್ಪಾಳೆ ತಟ್ಟಿದ.

ನನ್ನ ಕೆಲಸ ಹೋಯಿತೆಂದು ಮರುಗಬೇಡಿ. ಅಳತೆ ನೋಡಲು ಅವರಿಗೊಂದು ಕತ್ತು ಬೇಕಿತ್ತು. ನಟಿಯ ಕತ್ತನ್ನು ಮೊದಲೇ ಒಡ್ಡುವಂತಿಲ್ಲ, ಓಟಿಸ್ ಒಪ್ಪಲಿಲ್ಲ. ಕೆಸ್ಲರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ನನ್ನನ್ನು ಅದರ ಮೇಲೆ ನಿಲ್ಲಿಸಿದ. ತೋಳು ಬಂತು. ನನ್ನ ಗಂಟಲಿನಿಂದ ಒಂದಿಂಚು ದೂರದಲ್ಲಿ ನಿಂತಿತು.

“ಅಲ್ಲಾಡಬೇಡ ವರ್ಜಿಲ್” ಅಂದಳು ನೇಡೀನ್. “ಅದು ನಿಲ್ಲೋದು ನಿನ್ನನ್ನ ನೋಡಿ ಅಲ್ಲ.”

ನಾನು ಅಲ್ಲಾಡಲಿಲ್ಲ. ನಿರ್ದೇಶಕ ಕಣ್ಣು ಕಿರಿದು ಮಾಡಿ ನೋಡಿ, ಇನ್ನೂ ಅರ್ಧ ಇಂಚು ಹತ್ತಿರವಿದ್ದರೆ ಚೆನ್ನಾಗಿತ್ತು ಅಂದ. ನೇಡೀನ್ ಗುಂಡಿಯಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು; ಯಂತ್ರವನ್ನು ತಾನು ಮುಂದೆ ತರುವುದಿಲ್ಲ ಅಂದಳು.

ಕೆಸ್ಲರ್ ಮತ್ತೆ ವಾಚು ನೋಡಿದ.

ನಾನೇ ಅರ್ಧ ಇಂಚು ಮುಂದೆ ಸರಿದು ನಿಂತೆ.