ಖಾತುನಬಿಯ ಉಸಿರನ್ನು ತಾವೇ ಊದಿದ ತಜ್ಞರಿಗೆ

ಧೂಳು ಮತ್ತು ಶ್ವಾಸ ಸಮೀಕ್ಷೆಯ ಅಂಕಿಅಂಶ ತಜ್ಞರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಹತ್ತಿ ಹಿಂಜಿ ಗಾದಿ ಮಾಡುತ್ತಿರುವ, ಕನ್ನಡ ಸಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ತಪ್ಪಿಗೆ ಓಣಿಯವರ ಅರ್ಜಿಗಳನ್ನೆಲ್ಲ ಬರೆದುಕೊಡುವ ಹುಸೇನಬಾಷಾ ನದಾಫನ ಸಲಾಮುಗಳು. ತಾವು, ತಮ್ಮ ಕಂಪ್ಯೂಟರು ಮತ್ತು ಅದರೊಳಗಿನ ಸೂತ್ರಗಳು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ತಮ್ಮ ವರದಿಯೇ ಹಾಗೆ ಹೇಳಿರುವಾಗ ಬೇರೆ ಹೇಳುವ ಧೈರ್ಯ ನಮಗೆಲ್ಲಿಂದ ಬರಬೇಕು?

ಹತ್ತಿಯ ಧೂಳಿನಲ್ಲಿ ಕೆಲಸ ಮಾಡುವವರ ಉಸಿರು ಅದೇ ಓಣಿಯ ಬೇರೆ ಕಸುಬಿನವರ ಉಸಿರಿಗಿಂತ ತುಸು ಉತ್ತಮವಾಗಿದೆ, ಆದ್ದರಿಂದ ಧೂಳು ಎಳೆಯುವ ಫ್ಯಾನುಗಳಾಗಲಿ ತಿಂಗಳಿಗೊಮ್ಮೆ ಎದೆ ತಪಾಸಣೆಯಾಗಲಿ ಸದ್ಯಕ್ಕೆ ಅಗತ್ಯವಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಇದನ್ನು ಓದಿದ ಮೇಲೆ ಓಣಿಯ ಆಟೋದವರಿಗೂ ಚಹಾದಂಗಡಿಯವರಿಗೂ ದಿನಕ್ಕೊಂದು ಹಿಡಿ ಹತ್ತಿಧೂಳನ್ನು ಪುಕ್ಕಟೆಯಾಗಿ ಹಂಚಿ ಪುಣ್ಯ ಕಟ್ಟಿಕೊಳ್ಳೋಣವೇ ಎಂಬ ಯೋಚನೆ ನಮ್ಮ ಕಸುಬಿನವರಲ್ಲಿ ನಡೆದಿದೆ.

ಲೆಕ್ಕ ಒಂದು ಕಡೆ ವಾಲದಿರಲೆಂದು ತಾವು ಪಟ್ಟ ಶ್ರಮವನ್ನು ಹನ್ನೆರಡನೆಯ ಪುಟದಲ್ಲಿ ಓದಿ ನನಗೆ ಕಣ್ಣು ತುಂಬಿ ಬಂತು. ವಯಸ್ಸಿಗೆ ವಯಸ್ಸು, ಬೀಡಿಗೆ ಬೀಡಿ, ಒಲೆಗೆ ಒಲೆ ಸರಿದೂಗಿಸಿ, ಪ್ರತಿಯೊಬ್ಬ ಗಾದಿಯವನಿಗೂ ಧೂಳು ಸೋಕದ ಒಬ್ಬ ಜೋಡಿಯನ್ನು ಹುಡುಕಿದ್ದೀರಿ. ನಮ್ಮ ಕಡೆ ಹೆಣ್ಣು ನೋಡಲು ಹೋಗುವವರೂ ಇಷ್ಟೊಂದು ವಿಚಾರಿಸುವುದಿಲ್ಲ. ನನಗೆ ಜೋಡಿಯಾಗಿ ಸಿಕ್ಕವನು ಆಟೋ ಓಡಿಸುವ ಇಕ್ಬಾಲ. ಅವನು ನನ್ನ ಸ್ವಂತ ತಮ್ಮ. ಆಟೋ ಹಿಡಿದು ನಾಲ್ಕೇ ವರ್ಷವಾಯಿತು; ಅದಕ್ಕೂ ಮೊದಲು ಹದಿನೇಳು ವರ್ಷ ನನ್ನ ಪಕ್ಕದಲ್ಲೇ ಕೂತು ಹಿಂಜುವ ಯಂತ್ರಕ್ಕೆ ಹತ್ತಿ ಉಣಿಸಿ, ಉಸಿರು ಕಟ್ಟತೊಡಗಿದ ಮೇಲೆ ಕಸುಬು ಬಿಟ್ಟವನು. ತಮ್ಮ ಹಾಳೆಯಲ್ಲಿ ಈಗಿನ ಉದ್ಯೋಗವನ್ನು ಕೇಳಿದ್ದರು, ಹಿಂದಿನದನ್ನು ಕೇಳಿರಲಿಲ್ಲ. ಎದೆಯ ಬಲ ಅಳೆಯಲು ತಮ್ಮವರು ತಂದಿದ್ದ ಊದುವ ಯಂತ್ರದಲ್ಲಿ ನಾನು ಗೆದ್ದೆ, ಅವನು ಸೋತ, ಹತ್ತಿಗೆ ಜಯವಾಯಿತು. ಹತ್ತಿಯೇ ನೆಲಕ್ಕೆ ಕೆಡವಿದವರನ್ನು ತಕ್ಕಡಿಯ ಆ ತಟ್ಟೆಯಲ್ಲಿಟ್ಟು, ಅದು ಇನ್ನೂ ಕೆಡವದೆ ಬಿಟ್ಟವರನ್ನು ಈ ತಟ್ಟೆಯಲ್ಲಿಟ್ಟು ತೂಗಿದ ತಮ್ಮ ನ್ಯಾಯಕ್ಕೆ ಏನೆಂದು ಹೇಳಲಿ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದನ್ನು ನಾವು ಕೇಳಿದ್ದೆವು. ಆ ಕೂಸು ಪಕ್ಕದ ಮನೆಯದೆಂದು ಬರೆದುಕೊಂಡದ್ದನ್ನು ಈಗ ನೋಡಿದೆವು.

ಆದರೆ ಎಲ್ಲ ತಪ್ಪನ್ನೂ ತಮ್ಮ ತಲೆಗೆ ಕಟ್ಟಿದರೆ ದೇವರು ಮೆಚ್ಚುವುದಿಲ್ಲ. ನಮ್ಮ ಓಣಿಯ ಕಸುಬಿನಲ್ಲೊಂದು ಪದ್ಧತಿಯಿದೆ, ಕೆಮ್ಮುವವರು ಅಂಗಡಿಯ ಮುಂಭಾಗದಲ್ಲಿ ಕೂರಬಾರದು. ಮದುವೆಗೆ ಗಾದಿ ಒಯ್ಯಲು ಬಂದವರ ಕಿವಿಗೆ ಕೆಮ್ಮು ಬಿದ್ದರೆ ಅವರು ಮೆಲ್ಲಗೆ ಮುಂದಿನ ಅಂಗಡಿಗೆ ನಡೆಯುತ್ತಾರೆ. ಹೀಗಾಗಿ ಪ್ರತಿ ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಒಂದು ಕೆಮ್ಮು. ನನ್ನ ಅಂಗಡಿಯಲ್ಲಿ ಪರದೆಯ ಹಿಂದಿರುವವಳು ನನ್ನ ಹೆಂಡತಿ ಖಾತುನಬಿ. ಇಪ್ಪತ್ತೆರಡು ವರ್ಷ ಗಾದಿಗೆ ಹತ್ತಿ ತುಂಬಿದ ಅವಳು ಈಗ ಮೂರು ಮೆಟ್ಟಿಲು ಹತ್ತಿದರೆ ನಾಲ್ಕನೆಯದರ ಮೇಲೆ ಕೂತುಬಿಡುತ್ತಾಳೆ.

ತಮ್ಮ ಸಮೀಕ್ಷೆಯ ಹುಡುಗಿ ಪೂನಮ್ ರೇಶನ್ ಕಾರ್ಡು ನೋಡಿ ಖಾತುನಬಿ ಎಲ್ಲಿ ಎಂದು ಕೇಳಿದಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. "ತವರಮನಿಗೆ ಹೋಗ್ಯಾಳ್ರಿ, ಸವಣೂರಿಗೆ" ಎಂದೆ. ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಬೇಕಷ್ಟೆ. ಅಷ್ಟರಲ್ಲಿ ಒಳಗಿಂದ ಕೆಮ್ಮು ಕೇಳಿತು. "ಆಡು ಕೆಮ್ಮಾಕತ್ತೈತ್ರಿ" ಎಂದೆ. ನಮ್ಮ ಮನೆಯಲ್ಲಿ ಆಡಿಲ್ಲ. ಆ ಜಾಣೆ ನನ್ನ ಮುಖವನ್ನೊಮ್ಮೆ ನೋಡಿ, ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ "ಒಳಗೆ ಕೆಮ್ಮಿನ ಸದ್ದು" ಎಂದು ಬರೆದುಕೊಂಡು ಹೋದಳು. ಅಂಚಿನ ಬರಹಕ್ಕೆ ತಮ್ಮ ಕಂಪ್ಯೂಟರಿನಲ್ಲಿ ಖಾನೆ ಇರಲಿಲ್ಲವಂತೆ.

ವರದಿ ಕೊಡಲು ಅವಳೇ ಮತ್ತೆ ಬಂದಳು. ಊರಲ್ಲಿಲ್ಲದ ಖಾತುನಬಿಯ ಹೆಸರಿನ ಎದುರಿಗೆ ಊದಿದ ಅಂಕಿ ಹೇಗೆ ಬಂತೆಂದು ಕೇಳಿದೆ. "ಕಾಕಾ, ಸಿಗಲಾರದವರು ಸಿಕ್ಕವರ ಹಂಗ ಇರ್ತಾರ ಅಂತ ತಿಳ್ಕೊಂಡು ಖಾಲಿ ಇದ್ದದ್ದನ್ನ ಲೆಕ್ಕಾ ಹಾಕಿ ತುಂಬ್ಯಾರ್ರಿ. ಅವರು ಹಂಗ ಇರಲಿಲ್ಲಂದ್ರ ಎಲ್ಲಾ ತಪ್ಪಾಕ್ಕೈತ್ರಿ" ಎಂದಳು. ಆಗ ಪರದೆಯ ಹಿಂದಿನಿಂದ ಖಾತುನಬಿ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ಒಂದೇ ಮಾತು ಕೇಳಿದಳು: "ನನ್ನ ಉಸಿರು... ಯಾರು ಊದಿದ್ರವ್ವಾ?"

ಮಾನ್ಯರೇ, ಈ ಪವಾಡಕ್ಕೆ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎದೆಯ ಡಾಕ್ಟರರು ಆರು ವರ್ಷ ಔಷಧಿ ಕೊಟ್ಟೂ ತುಂಬಲಾರದ ಉಸಿರನ್ನು ತಾವು ಅವಳ ಮುಖ ನೋಡದೆ, ಕುರ್ಚಿಯಿಂದ ಏಳದೆ ತುಂಬಿದ್ದೀರಿ. ತಮ್ಮ ಬಳಿ ಅದರಲ್ಲಿ ಏನಾದರೂ ಉಳಿದಿದ್ದರೆ ಒಂದು ಬಾಟಲಿಯಲ್ಲಿ ಹಾಕಿ ರಜಿಸ್ಟರ್ ಟಪಾಲಿನಲ್ಲಿ ಕಳಿಸಿಕೊಡಬೇಕು. ಜೊತೆಗೆ, ವಯಸ್ಸನ್ನೂ ಬೀಡಿಯನ್ನೂ ಸರಿದೂಗಿಸಬಲ್ಲ ತಾವು ನಾಚಿಕೆಯನ್ನು ಸರಿದೂಗಿಸುವ ಸೂತ್ರವೊಂದನ್ನೂ ದಯಮಾಡಿ ಕಂಡುಹಿಡಿಯಬೇಕು. ಒಬ್ಬ ಗಂಡ ಹೆಂಡತಿಯನ್ನು ಆಡು ಎಂದಾಗ ಅದನ್ನು ಎಷ್ಟರಿಂದ ಗುಣಿಸಿದರೆ ಸತ್ಯ ಬರುತ್ತದೆ ಎಂಬುದು ನನಗೆ ಜರೂರಾಗಿ ತಿಳಿಯಬೇಕಾಗಿದೆ.

ಏಕೆಂದರೆ ಖಾತುನಬಿಯ ಜಾಗದಲ್ಲಿ ಈಗ ಹತ್ತಿ ತುಂಬುವವಳು ನನ್ನ ಸೊಸೆ ಯಾಸ್ಮಿನ. ಕಳೆದ ಶುಕ್ರವಾರ ಗಿರಾಕಿಗಳು ಬಂದಾಗ ಅವಳಿಗೆ ಕೆಮ್ಮು ಬಂತು. ಒಳಗೆ ಹೋಗೆಂದು ನಾನೂ ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ. ಅವಳೇ ಬಾಯಿಗೆ ಓಢಣಿ ಹಿಡಿದು ಎದ್ದು ಪರದೆಯ ಹಿಂದೆ ಹೋದಳು. ಇಪ್ಪತ್ತಮೂರು ವರ್ಷದ ಹುಡುಗಿ. ಆ ಹೊತ್ತು ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಗಿರಾಕಿಗಳಿಗೆ ತೋರಿಸುತ್ತಿದ್ದ ಗಾದಿಯನ್ನು ಸುತ್ತಿಟ್ಟುಬಿಟ್ಟೆ, ಅವರು ಎದ್ದು ಹೋದರು.

ಆದ್ದರಿಂದ ಪೂನಮ್‌ಳನ್ನು ಇನ್ನೊಮ್ಮೆ ಕಳಿಸಿಕೊಡಬೇಕೆಂದು ಪ್ರಾರ್ಥನೆ. ಅಂಗಡಿಗಳಿಗಷ್ಟೇ ಬೇಡ, ಮನೆಗಳಿಗೂ ಬರಲಿ. ಈಗೇನು ಮಾಡುತ್ತೀರಿ ಎಂದು ಕೇಳಿದ ಮೇಲೆ ಮೊದಲೇನು ಮಾಡುತ್ತಿದ್ದಿರಿ, ಯಾಕೆ ಬಿಟ್ಟಿರಿ ಎಂದೂ ಕೇಳಲಿ. ಸಿಗದವರನ್ನು ಕಂಪ್ಯೂಟರಿನಲ್ಲಿ ಹುಡುಕುವ ಮೊದಲು ಪರದೆ ಸರಿಸಿ ನೋಡಲಿ. ಈ ಸಲ ಸುಳ್ಳು ಹೇಳುವುದಿಲ್ಲವೆಂದು ನನ್ನ ಓಣಿಯ ಪರವಾಗಿ ಬರೆದುಕೊಡುತ್ತೇನೆ. ಇಕ್ಬಾಲ ಮೊದಲು ಊದುತ್ತಾನೆ.

ಹದಿನಾರನೆಯ ಪುಟದ ಸರಾಸರಿಯಲ್ಲಿ ಸುಖವಾಗಿ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಹುಸೇನಬಾಷಾ ನದಾಫ

ತಾಜಾ ಕಲಂ: ಇದರ ಸಂಗಡ ತಮ್ಮ ಕುರ್ಚಿಗೆಂದು ಒಂದು ದಿಂಬು ಕಳಿಸಿದ್ದೇನೆ. ಹೊದಿಕೆ ನಮ್ಮ ಅಂಗಡಿಯ ಪರದೆಯದು. ಖಾತುನಬಿಯೇ ಅದನ್ನು ಇಳಿಸಿ, ಕತ್ತರಿಸಿ ಹೊಲಿದಳು, ಈಗ ಮುಂಭಾಗದಲ್ಲಿ ಕೂತು ಎಲ್ಲರೆದುರು ಕೆಮ್ಮುತ್ತಿದ್ದಾಳೆ. ಒಳಗಿರುವುದು ಹಿಂಜುವ ಯಂತ್ರದ ಕೆಳಗೆ ಬಿದ್ದ ಹತ್ತಿ. ದಿಂಬನ್ನೊಮ್ಮೆ ಚೆನ್ನಾಗಿ ಕೊಡವಿ ನೋಡಬೇಕು. ತಮಗೂ ಕೆಮ್ಮು ಬಂದರೆ ಸವಣೂರಿಗೆ ಹೋಗಬೇಡಿ; ಅಲ್ಲೇ ಇದ್ದು ಲೆಕ್ಕಕ್ಕೆ ಸಿಗಿ.