ದಾಸವಾಳದ ಹಿಟ್ಟು ತಿಗಣೆ

ಭಾನುವಾರ ಬೆಳಗ್ಗೆ ದೇವರಿಗೆ ಎರಡು ದಾಸವಾಳ ಕೀಳಲು ಹೋದ ಸೀನುವಿನ ಬೆರಳಿಗೆ ಅಂಟಂಟಾಗಿ ಏನೋ ಮೆತ್ತಿಕೊಂಡಿತು. ಕನ್ನಡಕ ಸರಿಮಾಡಿಕೊಂಡು ನೋಡಿದ. ಯಾರೋ ಇಡ್ಲಿ ಹಿಟ್ಟು ಚೆಲ್ಲಿ ಒರೆಸದೆ ಹೋದ ಹಾಗೆ ಕೊಂಬೆಯ ಮೇಲೆಲ್ಲ ಬೆಳ್ಳಗಿತ್ತು. ಆದರೆ ಇಡ್ಲಿ ಹಿಟ್ಟಿಗೆ ಕಾಲಿರುವುದಿಲ್ಲ. ಇದಕ್ಕಿದ್ದವು.

ಸೀನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಅವನು ಮೇಲಧಿಕಾರಿಗೆ ಹೆದರಿದವನಲ್ಲ, ಜಿರಳೆ ಕಂಡರೆ ಮಾತ್ರ ಕುರ್ಚಿ ಹತ್ತುತ್ತಿದ್ದ. ಈಗ ಹತ್ತಲು ಕುರ್ಚಿಯೂ ಇರಲಿಲ್ಲ.

ಅದು ಅಂತಿಂಥ ದಾಸವಾಳವಲ್ಲ. ಜರಗನಹಳ್ಳಿಗೆ ತಾಗಿಕೊಂಡಿರುವ ಜೆ.ಪಿ. ನಗರದ ಆ ರಸ್ತೆಯಲ್ಲಿ ಅಷ್ಟು ದಪ್ಪ ಹೂ ಬಿಡುವ ಗಿಡ ಇನ್ನೊಂದಿರಲಿಲ್ಲ. ಸೀನುವಿನ ಹೆಂಡತಿ ಕಾತ್ಯಾಯಿನಿ ತವರಿನಿಂದ ಕಡ್ಡಿ ತಂದು ನೆಟ್ಟು ಬೆಳೆಸಿದ್ದು. ಹಿಂದಿನ ದಿನವಷ್ಟೇ ಅವಳು ನಾಮಕರಣಕ್ಕೆಂದು ಮೈಸೂರಿಗೆ ಹೋಗಿದ್ದಳು. ಹೊರಡುವಾಗ, "ಗಿಡಗಳಿಗೆ ನೀರು ಹಾಕಿ. ಅದು ಬಿಟ್ಟು ಇನ್ನೇನೂ ಮಾಡೋಕೆ ಹೋಗ್ಬೇಡಿ," ಎಂದಿದ್ದಳು. ಅವಳು ಸಂಜೆ ಬರುವ ಹೊತ್ತಿಗೆ ಗಿಡ ಒಣಗಿ ನಿಂತಿದ್ದರೆ ತನ್ನ ಗತಿಯೇನು ಎಂದು ನೆನೆದೇ ಸೀನುವಿಗೆ ಬೆವರು ಬಂತು. ಫೋನ್ ಮಾಡಿದ. ಆ ಕಡೆ ನಾಗಸ್ವರ ಕಿವಿ ಕಿತ್ತುಹೋಗುವಂತೆ ಮೊಳಗುತ್ತಿತ್ತು.

"ಕಾತ್ಯಾಯಿನೀ, ದಾಸವಾಳದ ಮೇಲೆ ಹುಳ ಇದೆ! ಹುಳಾ!"

"ಹುಳೀನಾ? ಫ್ರಿಜ್ಜಲ್ಲಿದೆ ಕಣ್ರೀ, ಬಿಸಿ ಮಾಡ್ಕೊಳಿ!" ಎಂದು ಅವಳು ಫೋನ್ ಇಟ್ಟಳು.

ಆಮೇಲೆ ಸೀನು ಮಾಡಿದ್ದು ಆ ದಿನದ ದೊಡ್ಡ ತಪ್ಪು. ಹುಳುವಿನ ಫೋಟೋ ತೆಗೆದು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿ, "ಇದು ಏನು? ದಯವಿಟ್ಟು ತಿಳಿಸಿ," ಎಂದು ಬರೆದ.

ಫೋನನ್ನು ಜೇಬಿಗೆ ಹಾಕುವುದರೊಳಗೆ ಎದುರುಮನೆಯ ಸೋಮನಾಥ್ ಗೇಟು ತಳ್ಳಿಕೊಂಡು ಬಂದರು. ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್. ಈಗ ಕಟ್ಟಿಸಲು ಸೇತುವೆಗಳಿಲ್ಲದ್ದರಿಂದ ಪಕ್ಕದ ಮನೆಗಳ ಕೆಲಸಕ್ಕೆಲ್ಲ ಮೇಲ್ವಿಚಾರಣೆ ಮಾಡುತ್ತಿದ್ದರು. ಕೈಯಲ್ಲಿ ಭೂತಗನ್ನಡಿ.

"ಹಿಟ್ಟು ತಿಗಣೆ!" ಎಂದು ತೀರ್ಪು ಕೊಟ್ಟರು. "ಮೀಲಿಬಗ್. ನಮ್ಮ ದೇಶದ್ದೇ ಅಲ್ಲ ಸೀನು, ಮೆಕ್ಸಿಕೋ ಕಡೇದು. ರಸ ಹೀರಿ ಹೀರಿ ಗಿಡಾನ ಕಡ್ಡಿ ಮಾಡ್ಬಿಡುತ್ತೆ. ಇವತ್ತೇ ಹೊಡೀಲಿಲ್ಲ ಅಂದ್ರೆ ಇಡೀ ರಸ್ತೆಗೆ ಹರಡುತ್ತೆ. ಇರಿ, ಎಲ್ರಿಗೂ ಎಚ್ಚರಿಕೆ ಕೊಡ್ತೀನಿ."

ಕೊಟ್ಟರು. ಆದರೆ ಅವರ ಹೆಬ್ಬೆರಳಿಗೆ ಸೋಮಾರಿತನ ಜಾಸ್ತಿ. 'ಹಿಟ್ಟು' ಎಂಬುದನ್ನು ನುಂಗಿಹಾಕಿ, "ಸೀನು ಮನೆಯಲ್ಲಿ ತಿಗಣೆ. ಎಲ್ಲರೂ ಹುಷಾರು," ಎಂದಷ್ಟೇ ಗುಂಪಿಗೆ ಕಳಿಸಿದರು.

ಮೊದಲ ಏಟು ಮನೆಗೆಲಸದ ಹುಲಿಗೆವ್ವನಿಂದ ಬಿತ್ತು. ಅವಳು ಗೇಟಿನ ಹೊರಗೇ ಸೀರೆ ಸೆರಗನ್ನು ಮೈತುಂಬ ಸುತ್ತಿಕೊಂಡು ನಿಂತಳು.

"ಒಳಗ ಬರಂಗಿಲ್ರೀ. ನಿಮ್ಮನ್ಯಾಗ ತಿಗಣಿ ಅದಾವಂತ. ನಮ್ಮನಿಗೆ ಬಂದ್ರ ಕೌದಿ ಸುಡಬೇಕಾಗತೈತಿ."

"ಅಯ್ಯೋ, ಅದು ಮಂಚದ್ದಲ್ಲಮ್ಮಾ, ಗಿಡದ್ದು!"

"ಗಿಡದಾಗ ಯಾರ ಮಲಗತಾರ್ರೀ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದಳು. ಸಿಂಕಿನಲ್ಲಿ ನಿನ್ನೆಯ ಪಾತ್ರೆಗಳು ಹಾಗೇ ಉಳಿದವು.

ಬೆನ್ನಿಗೇ ಪಕ್ಕದ ಕಾಂಪೌಂಡಿನ ಮೇಲೆ ಅಂಜನಮ್ಮನವರ ತಲೆ ಮೂಡಿತು. ಜರಗನಹಳ್ಳಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಸಿದ್ದರು.

"ಸಾರ್, ಹೋದ್ ವಾರ ನಿಮ್ ನೆಂಟ್ರು ಬಂದಾಗ ನಮ್ ಹಾಸ್ಗೆ ಈಸ್ಕೊಂಡಿದ್ರಲ್ಲ?"

"ಹೌದಮ್ಮ, ಇವತ್ತೇ ತಂದ್ಕೊಡ್ತೀನಿ."

"ಬ್ಯಾಡ ಸಾರ್! ನೀವೇ ಮಡಿಕ್ಕೊಳ್ಳಿ. ಈ ಕಡೆ ಮಾತ್ರ ತರ್ಬ್ಯಾಡಿ!"

ಸೀನು ಫೋನ್ ತೆಗೆದು, ತಿಗಣೆ ಅಲ್ಲ, ಹಿಟ್ಟು ತಿಗಣೆ ಎಂದು ಗುಂಪಿನಲ್ಲಿ ತಿದ್ದಿದ. ತಕ್ಷಣ ಯಾರೋ, "ಅಯ್ಯೋ, ಹಿಟ್ಟಿನ ಡಬ್ಬಕ್ಕೂ ಹೋಯ್ತಾ?" ಎಂದು ಮರುಗಿದರು. ಸೀನು ಹಣೆ ಚಚ್ಚಿಕೊಂಡು ಫೋನನ್ನು ಕಿಟಕಿಯ ಮೇಲಿಟ್ಟ. ಇನ್ನು ಹುಳವನ್ನು ಮುಗಿಸುವುದೊಂದೇ ದಾರಿ.

"ಬೇವಿನೆಣ್ಣೆ, ಸೋಪಿನ ನೀರು," ಎಂದರು ಸೋಮನಾಥ್, ಮನೆಯಿಂದ ತರಿಸಿಕೊಂಡ ಮಡಚುವ ಕುರ್ಚಿಯಲ್ಲಿ ಕೂತು.

"ಅದೇನ್ ಮಗೀಗೆ ಸ್ನಾನ ಮಾಡ್ಸದಾ?" ಎನ್ನುತ್ತ ಅಂಜನಮ್ಮನವರ ಗಂಡ ತಿಮ್ಮರಾಯಪ್ಪ ಬಂದರು. "ನಮ್ಮಪ್ಪ ಇಲ್ಲೇ ಬದ್ನೇಕಾಯಿ ಬೆಳೀತಿದ್ದ ಸಾರ್. ಬೆಳ್ಳುಳ್ಳಿ, ಹಸಿಮೆಣ್ಸಿನ್ಕಾಯಿ ಅರ್ದು ಹೊಡುದ್ರೆ ಹುಳ ಊರೇ ಬಿಡ್ತಿದ್ವು."

"ಸೈನ್ಸ್ ಬೇಡ್ವೇನ್ರೀ ನಿಮ್ಗೆ?"

"ಸೇತುವೆ ಕಟ್ಟೋರಿಗೆ ಬದ್ನೆ ಗಿಡದ್ ವಿಷ್ಯ ಏನ್ ಗೊತ್ತು ಸಾರ್?"

ಇಬ್ಬರ ಜಗಳ ಬಿಡಿಸಲು ಸೀನು ಎರಡೂ ಮಾಡಿದ. ಮಿಕ್ಸಿಯಲ್ಲಿ ಮೆಣಸಿನಕಾಯಿ ಅರೆಯುವಾಗ ಮುಚ್ಚಳ ಹಾರಿ ಅಡುಗೆಮನೆಯ ಗೋಡೆ ಹಸಿರಾಯಿತು. ಹೇಗೋ ಸೋಸಿ ಗಿಡಕ್ಕೆ ಮದ್ದು ಹೊಡೆಯುವ ಪಂಪಿಗೆ ತುಂಬಿಕೊಂಡು ಬಂದು ಒತ್ತಿದರೆ, ಅದರ ಮೂತಿ ಅವನ ಕಡೆಗೇ ತಿರುಗಿತ್ತು. ಕಣ್ಣಿಗೆ ಬೆಂಕಿ ಬಿದ್ದ ಹಾಗಾಗಿ ಸೀನು ನಲ್ಲಿ ಹುಡುಕಿಕೊಂಡು ಅಂಗಳದ ತುಂಬ ಕುರುಡು ಗೂಳಿಯ ಹಾಗೆ ನುಗ್ಗಿ, ಕಾತ್ಯಾಯಿನಿಯ ಎರಡು ತುಳಸಿ ಕುಂಡಗಳನ್ನು ಉರುಳಿಸಿದ.

"ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ಬೇಕಿತ್ತು," ಎಂದರು ಸೋಮನಾಥ್, ಕುರ್ಚಿಯಿಂದ ಏಳದೆ.

ಕಣ್ಣು ತೊಳೆದುಕೊಂಡು ಬಂದು ನೋಡಿದರೆ ಹುಳಗಳು ಇದ್ದಲ್ಲೇ ಇದ್ದವು. ಕೆಲವು ಸಣ್ಣವು, ಅಕ್ಕಿನುಚ್ಚಿನಷ್ಟು, ಕೊಂಬೆಗೆ ಅಂಟಿಕೊಂಡು ಅಲುಗಾಡದೆ ಕೂತಿದ್ದವು. ಕೆಲವು ಅದಕ್ಕಿಂತ ಎಷ್ಟೋ ದೊಡ್ಡವು, ಮೈತುಂಬ ಬಿಳಿಯ ಜೂಲು, ಒಗೆದು ಹಿಂಡಿದ ಮಾಪಿನ ಹಾಗೆ. ಅವು ಸಣ್ಣವುಗಳ ನಡುವೆ ಸರಸರ ಓಡಾಡುತ್ತಿದ್ದವು.

"ಇವು ಓಡ್ತಾವಲ್ರೀ!" ಎಂದ ಸೀನು, ಮತ್ತೆರಡು ಹೆಜ್ಜೆ ಹಿಂದೆ ಸರಿದು.

ಸೋಮನಾಥ್ ಭೂತಗನ್ನಡಿ ಹಿಡಿದರು. "ಅವು ಗಂಡು. ಗುಂಪಿನ ಲೀಡರ್‌ಗಳು. ಮೊದ್ಲು ದೊಡ್ಡವನ್ನ ಮುಗ್ಸಿ. ಸಣ್ಣವು ದಿಕ್ಕಿಲ್ದೆ ತಾವೇ ಸಾಯ್ತವೆ."

"ಊಂ ಸಾರ್, ದೊಡ್ಡವೇ ಕೆಟ್ಟವು. ನೋಡುದ್ರೇ ಗೊತ್ತಾಗಲ್ವಾ?" ಎಂದರು ತಿಮ್ಮರಾಯಪ್ಪ. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತನ್ನು.

ಪಂಪಿನ ಮದ್ದಿಗೆ ಅವು ಜಗ್ಗಲಿಲ್ಲವಾದ್ದರಿಂದ ಒಂದೊಂದಾಗಿ ಆಯಬೇಕಾಯಿತು. ಸೀನು ತನ್ನ ಹಲ್ಲುಜ್ಜುವ ಬ್ರಷ್ಷನ್ನೇ ತಂದ. ಮುಖಕ್ಕೆ ಕರ್ಚೀಫು ಕಟ್ಟಿ, ಕೈಗೆ ಹಾಲಿನ ಪ್ಯಾಕೆಟ್ಟಿನ ಕವರು ಸುತ್ತಿ, ಹಲ್ಲು ಕಚ್ಚಿ, ಕಣ್ಣು ಅರ್ಧ ಮುಚ್ಚಿ, ಜೂಲಿನ ಹುಳಗಳನ್ನು ಒಂದೊಂದೇ ಉಜ್ಜಿ ಸೋಪಿನ ನೀರಿನ ಬಕೆಟ್ಟಿಗೆ ಕೆಡವಿದ. ಒಂದು ಅವನ ತೋಳಿನ ಒಳಗೆ ಹತ್ತಿತು. ಸೀನು ಅಂಗಿ ಕಿತ್ತೆಸೆದು ಅಂಗಳದಲ್ಲೇ ಕುಣಿದ. ರಸ್ತೆಯಲ್ಲಿ ಹೋಗುತ್ತಿದ್ದವರು, ಪಾಪ, ತಿಗಣೆ ಕಾಟ ಈ ಮಟ್ಟಕ್ಕೆ ಹೋಗಿದೆ ಎಂದು ಮಾತಾಡಿಕೊಂಡರು. ಮಧ್ಯಾಹ್ನದ ಊಟವಿಲ್ಲ. ಹುಳಿ ಫ್ರಿಜ್ಜಿನಲ್ಲೇ ಇತ್ತು, ಆದರೆ ಆ ಹೆಸರಿನಲ್ಲೇ ಅವನಿಗೆ ಹುಳ ಕಾಣುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗಿಡದ ಮೇಲೆ ಒಂದೂ ದೊಡ್ಡ ಹುಳವಿರಲಿಲ್ಲ. ಸೋಮನಾಥ್ ಎದ್ದು ನಿಂತು ಸೀನುವಿನ ಕೈ ಕುಲುಕಿದರು. "ಒಳ್ಳೆ ಟೀಂ ವರ್ಕ್," ಎಂದರು. ಸೀನುವಿನ ಸೊಂಟ ನೆಟ್ಟಗಾಗುತ್ತಿರಲಿಲ್ಲ, ಆದರೂ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿ ಕಾತ್ಯಾಯಿನಿಯ ತೋಟಕ್ಕೆ ತನ್ನಿಂದ ಒಂದು ಉಪಕಾರವಾಗಿತ್ತು. ಅವಳು ಬಂದು ನೋಡಿ ಏನೆನ್ನಬಹುದು ಎಂದು ಊಹಿಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತ.

ಮೊದಲು ಬಂದವಳು ಕಾತ್ಯಾಯಿನಿಯಲ್ಲ, ಅಂಜನಮ್ಮ. ಕೈಯಲ್ಲಿ ಖಾಲಿ ಉಪ್ಪಿನಕಾಯಿ ಬಾಟಲಿ. ಅವರ ಹಿಂದೆ ರಸ್ತೆಯ ಹೆಂಗಸರೆಲ್ಲ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ, ಮುಚ್ಚಳಕ್ಕೆ ಸಣ್ಣ ಸಣ್ಣ ತೂತು.

"ಏನಮ್ಮಾ, ಏನು ಬೇಕಿತ್ತು?"

"ಹುಳ ಸಾರ್. ಸಂಜೆ ಬನ್ನಿ, ಮನೆಗಷ್ಟು ಹಂಚ್ತೀನಿ ಅಂದಿದ್ರು ನಿಮ್ಮನೇವ್ರು."

"ಯಾವ ಹುಳ?"

"ಅದೇ, ಗುಲಗಂಜಿ ಹುಳ. ನಮ್ ಪರಂಗಿ ಗಿಡಕ್ಕೂ ಈ ದರಿದ್ರ ಬಿಳೇದು ಮೆತ್ಕೊಂಡೈತೆ. ಅದುನ್ನ ತಿನ್ನೋ ಹುಳ ಸಾಕೀನಿ ಅಂದ್ರು."

ಸೀನುವಿಗೆ ನಗು ಬಂತು. "ಗುಲಗಂಜಿ ಹುಳ ಅಂದ್ರೆ ಕೆಂಪಗೆ, ಗುಂಡಗೆ ಇರುತ್ತಲ್ಲಮ್ಮ? ಬೆಳಗ್ಗೆಯಿಂದ ಗಿಡದ ಹತ್ರಾನೇ ಇದೀನಿ. ಅಂಥದ್ದು ಒಂದೂ ಕಾಣ್ಲಿಲ್ಲ."

ಅಷ್ಟರಲ್ಲಿ ಆಟೋ ನಿಂತಿತು. ಕಾತ್ಯಾಯಿನಿ ಇಳಿದು, ಎಲ್ಲರಿಗೂ ನಕ್ಕು, ಬ್ಯಾಗನ್ನು ಗಂಡನ ಕೈಗೆ ಕೊಟ್ಟು ನೇರ ದಾಸವಾಳದ ಹತ್ತಿರ ಹೋದಳು. ಒಂದು ಕೊಂಬೆ ಎತ್ತಿದಳು. ಇನ್ನೊಂದು ಎತ್ತಿದಳು. ಎಲೆ ಮಗುಚಿದಳು. ಅವಳ ನಗು ಮಾಯವಾಯಿತು.

"ರೀ, ಇಲ್ಲಿ ಬೆಳ್ಳಗೆ, ದೊಡ್ಡದಾಗಿ, ಜೂಲು ಜೂಲಾಗಿ ಓಡಾಡ್ತಿದ್ವಲ್ಲ, ಎಲ್ಲಿ?"

ಸೀನು ಬ್ಯಾಗನ್ನು ಎದೆಗೆ ಅವಚಿಕೊಂಡ. "ಅವು... ಲೀಡರ್‌ಗಳು..."

"ಎಂಥ ಲೀಡರ್! ಗುಲಗಂಜಿ ಹುಳದ ಮರಿ ಅವು! ಮರಿಯಾಗಿದ್ದಾಗ ಥೇಟ್ ಹಿಟ್ಟು ತಿಗಣೆ ಥರಾನೇ ಇರ್ತವೆ. ಹೆಬ್ಬಾಳದ ಕೃಷಿ ವಿಜ್ಞಾನಿಗಳ ಹತ್ರ ಹೋಗಿ, ಕೇಳಿ ಬೇಡಿ ತಂದು, ಒಂದು ತಿಂಗಳಿಂದ ಸಾಕಿದ್ದೆ ಕಣ್ರೀ. ಮುಕ್ಕಾಲು ತಿಗಣೆ ತಿಂದು ಮುಗ್ಸಿದ್ವು!"

"ನಂಗೆ ಯಾಕೆ ಹೇಳ್ಲಿಲ್ಲ?"

"ಹುಳ ಸಾಕ್ತೀನಿ ಅಂದಿದ್ರೆ ನೀವು ಮನೇಲಿರ್ತಿದ್ರಾ?"

ಎಲ್ಲರ ಕಣ್ಣೂ ಸೋಪಿನ ಬಕೆಟ್ಟಿನ ಕಡೆ ಹೊರಳಿತು. ಮೇಲೆ ಬಿಳಿಯ ಜೂಲು ಕೆನೆಯ ಹಾಗೆ ತೇಲುತ್ತಿತ್ತು. ಕೊಂಬೆಯಲ್ಲಿ ಉಳಿದಿದ್ದ ಅಸಲಿ ಹಿಟ್ಟು ತಿಗಣೆಗಳು ತಮ್ಮ ವೈರಿಗಳನ್ನೆಲ್ಲ ಯಾರೋ ಪುಣ್ಯಾತ್ಮ ಸ್ವಂತ ಬ್ರಷ್ಷಿನಲ್ಲಿ ಉಜ್ಜಿ ಹಾಕಿದ ಸಂತೋಷದಲ್ಲಿ ನೆಮ್ಮದಿಯಾಗಿ ರಸ ಹೀರುತ್ತಿದ್ದವು.

ಸೀನು ಆಸರೆಗಾಗಿ ತನ್ನ ಟೀಮಿನ ಕಡೆ ನೋಡಿದ. ಸೋಮನಾಥ್ ಕುರ್ಚಿಯನ್ನು ಆಗಲೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ನಾನು ಬರೀ ಗಮನಿಸ್ತಿದ್ದೆ ಅಷ್ಟೇ," ಎಂದರು. "ಸ್ವಲ್ಪ ಸ್ಟಡಿ ಮಾಡಿ ಆಮೇಲೆ ಕೈ ಹಾಕ್ಬೇಕಿತ್ತು ಸೀನು."

"ಬೆಳಗ್ಗೆಯಿಂದ ಯಾರ್ ಮಾತೂ ಕೇಳ್ಲಿಲ್ಲ ಕಣಮ್ಮ ನಿಮ್ ಯಜಮಾನ್ರು," ಎಂದು ತಿಮ್ಮರಾಯಪ್ಪ ಹೆಂಡತಿಯ ಹಿಂದೆ ಸರಿದರು.

ಹೆಂಗಸರು ಮುಖ ಮುಖ ನೋಡಿಕೊಂಡರು. ಇನ್ನೊಂದು ಸಲ ಹುಳ ತಂದು, ಅದು ಮೊಟ್ಟೆಯಿಟ್ಟು ಮರಿಯಾಗಿ ಬೆಳೆಯಲು ಮತ್ತೆ ಒಂದು ತಿಂಗಳು ಬೇಕು ಎಂದಳು ಕಾತ್ಯಾಯಿನಿ.

"ಒಂದ್ ತಿಂಗ್ಳಾ? ಅಲ್ಲೀಗಂಟ ನಮ್ ಪರಂಗಿ ಉಳೀತದಾ?" ಎಂದರು ಅಂಜನಮ್ಮ. ಅವರ ದೃಷ್ಟಿ ಬಕೆಟ್ಟಿಗೆ, ಅಲ್ಲಿಂದ ಬ್ರಷ್ಷಿಗೆ, ಅಲ್ಲಿಂದ ಸೀನುವಿನ ಮೇಲೆ ಬಂದು ನಿಂತಿತು. ಒಂದೂ ಬಿಡದೆ ಗಿಡ ತೊಳೆದ ಕೆಲಸದ ಅಚ್ಚುಕಟ್ಟನ್ನು ಅವರು ಮೆಚ್ಚಿದ ಹಾಗಿತ್ತು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಗೇಟು ಬಡಿದ ಸದ್ದಾಯಿತು. ಸೀನು ಕಣ್ಣುಜ್ಜಿಕೊಂಡು ಬಾಗಿಲು ತೆರೆದ. ಅಂಜನಮ್ಮ ಬಕೆಟ್ ಹಿಡಿದು ನಿಂತಿದ್ದರು. ಅವರ ಹಿಂದೆ ರಸ್ತೆಯ ಉಳಿದ ಹೆಂಗಸರು ಸರದಿಯಲ್ಲಿ ನಿಂತಿದ್ದರು.

"ಹುಳ ಬರೋಗಂಟ ನೀವೇ ಬನ್ನಿ ಸಾರ್," ಎಂದರು ಅಂಜನಮ್ಮ. "ಮೊದ್ಲು ನಮ್ಮನೆ."