ಸ್ಮಶಾನದ ಅಳತೆಕಂಬ

ಬಾರ್ಲಾ ತೀರಿಕೊಂಡು ಮರುದಿನಕ್ಕೆ ವರ್ಷ ತುಂಬುತ್ತಿತ್ತು. ಚರ್ಚಿನಲ್ಲಿ ಅವಳ ಹೆಸರಿನ ಬಲಿಪೂಜೆಗೆ ಮಗಳು ಓನ್ನಾ ಕೆಳಗಿನ ಪೇಟೆಯಿಂದ ಬರಬೇಕಿತ್ತು. ಅವಳು ಬರಲು ಬಸ್ಸು ಬೇಕು. ಚಳಿಗಾಲದಲ್ಲಿ ಬಸ್ಸು ಬರುವುದು ಸ್ಕೀ ಇಳಿಜಾರು ತೆರೆದರೆ ಮಾತ್ರ. ಇಳಿಜಾರು ತೆರೆಯಲು ನಲವತ್ತು ಸೆಂಟಿಮೀಟರ್ ಹಿಮ ಬೇಕು. ಕಂಬ ಮೂವತ್ತೊಂದು ತೋರಿಸುತ್ತಿತ್ತು.

ಬೆಟ್ಟದ ಮೇಲಿನ ಸುರ್‌ಪುಂಟ್ ಹಳ್ಳಿಯಲ್ಲಿ ಹಿಮ ಅಳೆಯುವವನು ಬಾರ್ಲಾಳ ಗಂಡ ಪ್ಲಾಚಿಯೇ. ಕಂಬವನ್ನು ಸ್ಮಶಾನದಲ್ಲಿ ನೆಟ್ಟಿದ್ದರು, ಅಲ್ಲಿ ಯಾರೂ ಹಿಮ ತುಳಿಯುವುದಿಲ್ಲವೆಂದು. ಮೇಲಿನ ಏಣನ್ನು ಗಾಳಿ ಹುಲ್ಲು ಕಾಣುವಂತೆ ಗುಡಿಸಿತ್ತು. ಸ್ಮಶಾನದಲ್ಲಿ ಮತ್ತು ಉತ್ತರದ ತಗ್ಗಿನಲ್ಲಷ್ಟೇ ಹಿಮ, ಅದೂ ಒಣರೊಟ್ಟಿಯಂತೆ ಗಟ್ಟಿ.

ಇಪ್ಪತ್ತೆರಡು ವರ್ಷಗಳಲ್ಲಿ ಪ್ಲಾಚಿ ಒಂದು ಬೆರಳಷ್ಟೂ ಸುಳ್ಳು ಹೇಳಿದವನಲ್ಲ. ಅಂದು ಬೆಳಿಗ್ಗೆ ಶಿಲುಬೆಯ ಗುರುತು ಹಾಕಿಕೊಂಡು, ಗೋಡೆಯ ಬದಿಯ ಹಿಮವನ್ನು ಸಲಿಕೆಯಲ್ಲಿ ತಂದು ಕಂಬದ ಸುತ್ತ ಹತ್ತು ಸೆಂಟಿಮೀಟರ್ ಏರಿಸಿದ. ನಂತರ ಮೆಂಜಿಯಾಳ ಹೋಟೆಲಿಗೆ ಹೋಗಿ ಬಾರ್ಲಿ ಸೂಪಿನ ಮುಂದೆ ಕುಳಿತ. ನಾಲ್ಕು ಗಂಟೆಗೆ ಅಲ್ಲಿಂದಲೇ ಫೋನಿನಲ್ಲಿ ಅಳತೆಯನ್ನು ಪೇಟೆಯ ಕಚೇರಿಗೆ ಹೇಳಬೇಕು.

"ಓನ್ನಾ ಬರ್ತಾಳಾ ಮಾವ?" ಎಂದಳು ಮೆಂಜಿಯಾ.

"ದೇವರು ಕೊಟ್ಟಷ್ಟು ಹಿಮ."

"ದೇವರಿಗೂ ಒಂದು ಕೈ ಸಹಾಯ ಬೇಕಾಗುತ್ತೆ ಬಿಡಿ," ಎಂದು ಅವಳು ಬಾರ್ಲಾಳ ಗೋರಿಗೆ ಮೇಣದಬತ್ತಿ ಹಚ್ಚಲು ಹೋದಳು. ಬಂದಾಗ ಮೊಣಕೈವರೆಗೆ ಒದ್ದೆ.

ಸ್ಕೀ ಲಿಫ್ಟ್ ನಡೆಸುವ ಸೇಪ್ ಎದ್ದ. "ಅಪ್ಪನ ಗೋರಿ ನೋಡ್ಕೊಂಡು ಬರ್ತೀನಿ."

"ನಿಮ್ಮಪ್ಪ ಬದುಕಿದ್ದಾನಲ್ಲೋ," ಎಂದ ಪ್ಲಾಚಿ.

"ಜಾಗ ನೋಡಿಟ್ಟಿರ್ಬೇಕಲ್ಲ ಮಾವ."

ಅವನೂ ಒದ್ದೆಯಾಗಿ ಬಂದ. ಆಮೇಲೆ ಬಂದ ಪಾದ್ರಿಗಳ ನಿಲುವಂಗಿಯ ತೋಳಂಚು ಹಿಟ್ಟಿನ ಚೀಲದ ಬಾಯಿಯಂತೆ ಬೆಳ್ಳಗಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೂರೂಮುಕ್ಕಾಲಿಗೆ ಪ್ಲಾಚಿ ಟೋಪಿ ಹಾಕಿಕೊಂಡ. ಮೆಂಜಿಯಾ ತಡೆದಳು. "ಕೂತ್ಕೊಳ್ಳಿ. ನಿಮ್ಮ ಮಂಡಿ ನೋವಿಗೆ ಆ ಮೆಟ್ಟಿಲು ಬೇಡ ಅಂತ ನಾನೇ ನೋಡ್ಕೊಂಡು ಬಂದು ಫೋನ್ ಮಾಡಿದೆ. ಎಂಬತ್ತೆಂಟು."

ಪ್ಲಾಚಿ ಕುಳಿತ. "ನಿನ್ನೆ ಮೂವತ್ತೊಂದು. ಒಂದೇ ದಿನಕ್ಕೆ ಐವತ್ತು ಮೀರಿ ಏರಿದ್ರೆ ಹಿಮ ಕುಸಿಯುತ್ತೆ ಅಂತ ರಸ್ತೇನೇ ಮುಚ್ತಾರೆ ಕಣಮ್ಮ."

"ನಾನು ಹಾಕಿದ್ದು ಹದಿನೈದೇ," ಎಂದಳು ಅವಳು. ಸೇಪ್ ಒಲೆಯ ಕಡೆ ತಿರುಗಿದ. ಪಾದ್ರಿಗಳು ಜಪಮಣಿ ಹುಡುಕತೊಡಗಿದರು.

ಫೋನ್ ಬಡಿದುಕೊಂಡಿತು. ಬೆಟ್ಟಕ್ಕೆ ದಿನವಿಡೀ ಮೋಡ ಕವಿದಿದ್ದರಿಂದ ಕೆಳಗಿನವರಿಗೆ ಮೇಲಿನದೇನೂ ಕಂಡಿರಲಿಲ್ಲ.

"ಪ್ಲಾಚಿಯವರೇ, ರಸ್ತೆಗೆ ಗೇಟು ಹಾಕಿಸ್ತಾ ಇದೀವಿ," ಎಂದರು ಕಚೇರಿಯವರು.

"ಹಾಕಬೇಡಿ. ಆ ಅಳತೆ ಸುಳ್ಳು. ಹಿಮ ನಾವೇ ತುಂಬಿದ್ದು."

"ನಾವೇ ಅಂದ್ರೆ?"

ಪ್ಲಾಚಿ ಮೂವರನ್ನೂ ನೋಡಿದ. ಅವನ ಮಗಳಿಗಾಗಿ ಒದ್ದೆಯಾದ ಮೂರು ಜೊತೆ ತೋಳುಗಳು.

"ನಾನೇ. ಒಬ್ಬನೇ."

ಆ ಕಡೆ ಕಾಗದ ಮಗುಚಿದ ಸದ್ದು. "ಎಂಬತ್ತೆಂಟು ಅಂತ ಬರೆದ್ರೆ ರಸ್ತೆ ಇಲ್ಲ. ನಿಜವಾಗಿ ಎಷ್ಟಿದೆಯೋ ಅದನ್ನೇ ಹೇಳಿ, ಬರ್ಕೋತೀನಿ."

ಪ್ಲಾಚಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಮೂವತ್ತೊಂದು," ಎಂದ.

"ಸರಿ. ರಸ್ತೆ ತೆರೆದಿರುತ್ತೆ. ಬಸ್ಸು ಇಲ್ಲ."